ಬೇವಿನ ಬುಡಕ್ಕೆ ನಾನಿಟ್ಟ ದೇವರು

ಹೋದ ಬೇಸಿಗೆಯಿಂದ ಈಚೆಗೆ ನಮ್ಮೂರಿನಲ್ಲಿ ನನಗೆ ಭಾರೀ ಮರ್ಯಾದೆ. ನಾನು ಬೀದಿಯಲ್ಲಿ ಬಂದರೆ ಜಗಲಿ ಮೇಲೆ ಕೂತ ಮುದುಕಿಯರೆಲ್ಲ ಎದ್ದು ನಿಲ್ಲುತ್ತಾರೆ. ಎಲ್ಲರೂ ಅಲ್ಲ, ಒಬ್ಬಳು. ಅವಳೂ ಸೊಂಟ ಹಿಡಿದುಕೊಂಡು ಹೇಗೂ ಏಳುವವಳೇ ಇದ್ದಳು. ಆದರೂ ಎದ್ದಳಲ್ಲ! ಅಂಗಡಿಯಲ್ಲಿ ಎಷ್ಟೇ ಜನ ನಿಂತಿರಲಿ, ಬನ್ನು ಮೊದಲು ನನ್ನ ಕೈಗೇ ಬರುತ್ತದೆ. ಬೇರೆ ಊರಿನ ನೆಂಟರು ಬಂದರೆ, ‘ನೋಡಿ, ಇವ್ನ ಕೈಲೇ ತಾಯಿ ಕೆಲ್ಸ ಮಾಡ್ಸಿದ್ದು’ ಎಂದು ತೋರಿಸುತ್ತಾರೆ. ನನ್ನಂಥವನಿಗೆ ಇಷ್ಟು ಮರ್ಯಾದೆ ಸಿಕ್ಕರೆ ಕುಣಿದಾಡಬೇಕಿತ್ತು. ಆದರೆ ಎದುರು ಮನೆಯ ಚಿಕ್ಕವ್ವ ಬಿಂದಿಗೆ ಹಿಡಿದು ಬಾಗಿಲಿಗೆ ಬಂದದ್ದು ಕಂಡರೆ ಸಾಕು, ನಾನು ಹಿತ್ತಲ ಕಡೆಯಿಂದ ಹೊರಗೆ ಹೋಗುತ್ತೇನೆ. ನಮ್ಮ ಹಿತ್ತಲಿಗೆ ಬಾಗಿಲಿಲ್ಲ. ಗೋಡೆ ಹಾರಬೇಕು. ಹಾರುತ್ತೇನೆ.

ನಮ್ಮೂರು ನಂಜನಗೂಡಿನಿಂದ ನರಸೀಪುರಕ್ಕೆ ಹೋಗುವ ದಾರಿಯಿಂದ ಒಂದಿಷ್ಟು ಒಳಗಿದೆ. ಚಿಕ್ಕವ್ವ ರಕ್ತಸಂಬಂಧಿಯೇನಲ್ಲ. ಅವ್ವ ಅವಳನ್ನು ತಂಗಿ ಎನ್ನುವುದರಿಂದ ನನಗೆ ಚಿಕ್ಕವ್ವ. ಗಂಡ ತೀರಿಕೊಂಡ ಮೇಲೆ ಎರಡು ಹಸು, ಒಂದು ತುಂಡು ಹಿಪ್ಪುನೇರಳೆ ತೋಟ ನೋಡಿಕೊಂಡು ಒಬ್ಬಳೇ ಮಗಳನ್ನು ಬೆಳೆಸಿ, ನರಸೀಪುರದ ಆಚೆಗಿನ ಊರಿಗೆ ಮದುವೆ ಮಾಡಿಕೊಟ್ಟವಳು. ನಮ್ಮ ಮನೆಗೂ ಅವಳ ಮನೆಗೂ ನಡುವೆ ಒಂದು ಬೀದಿ, ಬೀದಿಯ ಅಂಚಿಗೆ ಪಂಚಾಯ್ತಿಯವರು ಕಟ್ಟಿಸಿದ ಒಂದು ಚರಂಡಿ. ಈ ಚರಂಡಿಯನ್ನು ನೆನಪಿನಲ್ಲಿಟ್ಟುಕೊಳ್ಳಿ. ಮುಂದೆ ಇದಕ್ಕೆ ದೊಡ್ಡ ಪಾತ್ರವಿದೆ.

ಚಿಕ್ಕವ್ವನ ಮನೆ ಪಕ್ಕದಲ್ಲಿ, ಅವಳ ಜಾಗದಲ್ಲೇ, ಒಂದು ಬೇವಿನ ಮರ. ಅದರ ಬುಡ ತಬ್ಬಬೇಕೆಂದರೆ ಅರ್ಧ ಊರು ಕೈ ಜೋಡಿಸಬೇಕು, ಮಿಕ್ಕ ಅರ್ಧ ಊರು ನಿಂತು ನಗಬೇಕು. ಸರಿ, ಮೂವರು ಸಾಕು. ಆದರೆ ಅದು ವಾಲಿಕೊಂಡಿದ್ದದ್ದು ಮಾತ್ರ ನಾನು ಸೇರಿಸಿದ ಮಾತಲ್ಲ. ಯಾರೋ ಕರೆದು ಗುಟ್ಟು ಹೇಳಿದಾಗ ಬಗ್ಗಿ ಕಿವಿಗೊಡುವವರ ಹಾಗೆ ಚಿಕ್ಕವ್ವನ ಹೆಂಚಿನ ಮನೆಯ ಮೇಲೆ ಬಗ್ಗಿತ್ತು. ಅದರ ದಪ್ಪನೆಯ ಒಂದು ಕೊಂಬೆ ಸರಿಯಾಗಿ ಒಳಗಿನ ಕೋಣೆಯ ಮೇಲಿತ್ತು.

ಆ ಕೋಣೆಯೇ ಬಾಣಂತಿ ಕೋಣೆ. ಅಂದರೆ ಆಗಬೇಕಾಗಿದ್ದದ್ದು. ಮಗಳು ಬಸುರಿ ಎಂದು ಗೊತ್ತಾದ ದಿನದಿಂದ ಚಿಕ್ಕವ್ವನಿಗೆ ಬೇರೆ ಮಾತೇ ಇರಲಿಲ್ಲ. ಬಚ್ಚಲ ಹಂಡೆ ಹುಣಸೆಹಣ್ಣು ಹಾಕಿ ಉಜ್ಜಿದಳು. ಕೋಣೆಗೆ ಸುಣ್ಣ ಹೊಡೆದಳು. ಹಳೇ ಸೀರೆಗಳನ್ನು ಒಗೆದು ಮಗುವಿಗೆ ಬಟ್ಟೆ ಮಾಡಿ ಅಡಕಿದಳು. ತೊಟ್ಟಿಲ ಹಗ್ಗಕ್ಕೆ ಎರಡು ಸಲ ಜೋತುಬಿದ್ದು ನೋಡಿದಳು. ಎರಡನೇ ಸಲ ನನ್ನನ್ನೂ ಜೋತುಬೀಳಿಸಿದಳು.

“ನೀನೇನ್ ತೂಕ ಇದ್ದೀಯಲಾ, ಕೂಸಿಗಿಂತ ವಸಿ ಜಾಸ್ತಿ,” ಎಂದಳು.

ಬಾಕಿ ಉಳಿದಿದ್ದದ್ದು ಮರ ಒಂದೇ. ಗಾಳಿಮಳೆ ಶುರುವಾಗುವುದರೊಳಗೆ ಅದನ್ನು ಇಳಿಸಬೇಕು, ಆಮೇಲೆ ಮಗಳನ್ನು ಕರೆತರಬೇಕು. ಮರ ತನ್ನದೇ ಜಾಗದಲ್ಲಿದ್ದರೂ ಹಾಗೆ ಕಡಿಯುವಂತಿಲ್ಲ. ನೀಲಗಿರಿ, ಸರ್ವೆ, ತೆಂಗು ಆದರೆ ಕೇಳುವವರಿಲ್ಲ. ಬೇವಿಗೆ ಅರಣ್ಯ ಇಲಾಖೆಯ ಅಪ್ಪಣೆ ಬೇಕು. ಚಿಕ್ಕವ್ವ ಪಂಚಾಯ್ತಿಯಿಂದ ಮನೆ ಖಾತೆ ತೆಗೆಸಿಕೊಂಡು, ಸೆರಗಲ್ಲಿ ಕಟ್ಟಿಕೊಂಡು, ಹಾಲಿನ ವ್ಯಾನು ಹತ್ತಿ ನಂಜನಗೂಡಿಗೆ ಹೋಗಿ ಅರ್ಜಿ ಕೊಟ್ಟು ಬಂದಳು.

ಇಲ್ಲಿಗೆ ನನ್ನ ಪ್ರವೇಶ.

ನಾನಾಗ ನಂಜನಗೂಡಿನಲ್ಲಿ ಎರಡನೇ ಪಿಯುಸಿ. ಸಂಕ್ರಾಂತಿ ಕಳೆದ ಮೇಲೆ ಕಾಲೇಜಿನಲ್ಲಿ ‘ಮರ ಉಳಿಸಿ’ ಎಂಬ ಭಾಷಣ ಸ್ಪರ್ಧೆ ನಡೆಯಿತು. ನಾನು ಮರ ಸಂರಕ್ಷಣೆಯ ಕಾನೂನನ್ನು ಕಾಮಾ ಸಮೇತ ಬಾಯಿಪಾಠ ಮಾಡಿ, ಕೊನೆಯಲ್ಲಿ ಕೊಡಲಿ ಏಟು ಬಿದ್ದ ಮರದ ಹಾಗೆ ಅತ್ತು ತೋರಿಸಿದೆ. ಸಭೆಯಲ್ಲಿ ಕಣ್ಣೀರು ಹಾಕದ ಒಂದು ಕಣ್ಣೂ ಇರಲಿಲ್ಲ. ಹಿಂದಿನ ಬೆಂಚಿನವರದ್ದು ನಗುವಿನ ಕಣ್ಣೀರು, ಆದರೂ ಕಣ್ಣೀರೇ. ಮುಖ್ಯ ಅತಿಥಿಯಾಗಿ ಬಂದಿದ್ದ ಅರಣ್ಯ ಇಲಾಖೆಯ ಸಾಹೇಬರು ನನ್ನ ಕೈಗೆ ಬಹುಮಾನವಾಗಿ ಒಂದು ಸ್ಟೀಲ್ ಲೋಟ ಕೊಟ್ಟರು. ಊರಿನಲ್ಲಿ ನಾನದನ್ನು ಕಪ್ಪು ಅಂತಲೇ ಕರೆದೆ. ಅವ್ವ ಮಾರನೆಯ ದಿನ ಅದರಲ್ಲಿ ಮಜ್ಜಿಗೆ ಅಳೆದಳು.

ಬಸ್ ಸ್ಟಾಪಿನ ಕಟ್ಟೆಯಲ್ಲಿ ಕೂರುವ ನಮ್ಮ ಗುಂಪಿಗೆ ನಾನು ಅವತ್ತೇ ಘೋಷಿಸಿದೆ: “ನಾನಿರೋ ತನ್ಕ ಈ ಊರಲ್ಲಿ ಒಂದ್ ಮರಾನೂ ಉರುಳಾಕೆ ಬುಡಾಕಿಲ್ಲ.” ಉರುಳುವ ಸಾಲಿನಲ್ಲಿದ್ದ ಮರ ಆಗ ಒಂದೇ ಒಂದು. ಅದು ಚಿಕ್ಕವ್ವನದು. ನನಗೆ ಅದು ಮರವಾಗಿ ಕಂಡಿತೇ ಹೊರತು ಅದರ ಕೆಳಗಿನ ಕೋಣೆ ಕಾಣಲಿಲ್ಲ.

ಸ್ಥಳ ನೋಡಿ ಮಹಜರು ಬರೆಯಲು ಸಾಹೇಬರು ಜೀಪಿನಲ್ಲಿ ಬಂದ ದಿನ ನಾನು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಲೋಟವನ್ನು ಕಾಣುವ ಹಾಗೆ ಕೈಯಲ್ಲಿ ಹಿಡಿದು ಅಡ್ಡ ನಿಂತೆ. ಪಕ್ಷಿಗಳು, ಆಮ್ಲಜನಕ, ಮುಂದಿನ ಪೀಳಿಗೆ ಎಂದು ಒಂದೇ ಉಸಿರಿಗೆ ಹೇಳಿದೆ. ಮುಂದಿನ ಪೀಳಿಗೆ ಆಗಲೇ ಚಿಕ್ಕವ್ವನ ಮಗಳ ಹೊಟ್ಟೆಯಲ್ಲಿ ಒದೆಯುತ್ತಿದೆ ಎಂಬುದು ನನ್ನ ತಲೆಗೆ ಹೊಳೆಯಲಿಲ್ಲ.

ಸಾಹೇಬರು ತಾಳ್ಮೆಯಿಂದ ಕೇಳಿ, “ಭಾಷಣ ಅವತ್ತೂ ಚೆನ್ನಾಗಿತ್ತು ಕಣಯ್ಯಾ, ಇವತ್ತೂ ಚೆನ್ನಾಗಿದೆ. ಬಾ ಇಲ್ಲಿ, ಮರದ ಭಾಷಣಾನೂ ಸ್ವಲ್ಪ ಕೇಳು,” ಎಂದು ಕೊಡಲಿಯ ಹಿಂಭಾಗದಿಂದ ಬುಡಕ್ಕೆ ತಟ್ಟಿದರು. ದೊಣ್ ದೊಣ್ ಎಂದಿತು. ಒಳಗೆ ಗೆದ್ದಲು ತಿಂದು ಟೊಳ್ಳಾಗಿತ್ತು. ಎರಡು ಸಸಿ ನೆಟ್ಟು ಬೆಳೆಸಬೇಕು ಎಂಬ ಷರತ್ತಿನ ಮೇಲೆ ಅಪ್ಪಣೆ ಕೊಟ್ಟೇಬಿಟ್ಟರು. ವಾಯಿದೆ ಮಾತ್ರ ಮಳೆಗಾಲ ಹಿಡಿಯುವ ತನಕ; ಅದರೊಳಗೆ ಕಡಿಯದಿದ್ದರೆ ಮತ್ತೆ ಅರ್ಜಿ. ಚಿಕ್ಕವ್ವ ಅವರಿಗೆ ಕಾಫಿ ಕೊಟ್ಟಳು. ನನಗೂ ಕೊಟ್ಟಳು, ನನ್ನ ಲೋಟದಲ್ಲೇ. “ಒಳ್ಳೆ ಮಾತಾಡ್ತೀಯ ಕಣ್ಲಾ, ಲಾಯರ್ ಆಗು,” ಎಂದು ಬೆನ್ನು ತಟ್ಟಿದಳು. ಅವಳಿಗೆ ನನ್ನ ಮೇಲೆ ಒಂದು ಚೂರೂ ಸಿಟ್ಟಿರಲಿಲ್ಲ. ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಈಗ ಅನಿಸುತ್ತದೆ.

ಸಂಜೆ ಕಟ್ಟೆಯಲ್ಲಿ ನನ್ನನ್ನು ಹುರಿದು ಮುಕ್ಕಿದರು. “ಏನ್ಲಾ ಪರಿಸರ, ಮರ ಉಳಿಸ್ದಾ?” ಅಂದಿನಿಂದ ನನ್ನ ಹೆಸರೇ ಪರಿಸರ. ಕಂಡಕ್ಟರ್ ಕೂಡ “ಪರಿಸರ, ಒಳಿಕ್ ಓಗು, ಬಾಗ್ಲಲ್ ನಿಂತ್ಕಬ್ಯಾಡ” ಎನ್ನತೊಡಗಿದ. ಆ ಹೆಸರಿನ ಉರಿಯಲ್ಲಿ ನನಗೊಂದು ಉಪಾಯ ಹೊಳೆಯಿತು. ಉಪಾಯ ನನ್ನದೇ ಎಂದು ಜಂಬ ಕೊಚ್ಚಲಾರೆ. ನಮ್ಮ ಕಡೆ ಬೇವಿನ ಬುಡಕ್ಕೆ ಅರಿಶಿನ ಕುಂಕುಮ ಬಳಿದ ಒಂದು ಕಲ್ಲು ಕಂಡರೆ ಅಲ್ಲಿ ಮಾರಮ್ಮ ನೆಲೆಸಿದ್ದಾಳೆ ಎಂದೇ ಲೆಕ್ಕ. ಆಮೇಲೆ ಆ ಮರಕ್ಕೆ ಕೊಡಲಿ ಎತ್ತುವ ಗಂಡಸು ಹುಟ್ಟಿಲ್ಲ. ಸರ್ಕಾರದ ಕಾನೂನಿಗೆ ವಾಯಿದೆ, ಷರತ್ತು, ಸಹಿ, ಮೊಹರು ಎಲ್ಲ ಬೇಕು. ಈ ಕಾನೂನಿಗೆ ಒಂದು ಚಿಟಿಕೆ ಕುಂಕುಮ ಸಾಕು.

ಮಿಕ್ಸಿ ಬಂದ ಮೇಲೆ ನಮ್ಮ ಹಿತ್ತಲಲ್ಲಿ ಒರಳುಕಲ್ಲು ಸುಮ್ಮನೆ ಬಿದ್ದಿತ್ತು. ಊರೆಲ್ಲ ಟೀವಿ ಮುಂದೆ ಕೂತು ಅಳುವ ಸೀರಿಯಲ್ಲಿನ ಹೊತ್ತಿಗೆ ಅದರ ಗುಂಡುಕಲ್ಲನ್ನು ಗೋಣಿಚೀಲದಲ್ಲಿ ಸುತ್ತಿ ಎತ್ತಿಕೊಂಡು ಹೋದೆ. ಆನೆ ಮರಿಯಷ್ಟು ಭಾರ. ಬುಡದಲ್ಲಿ ಅರ್ಧ ಹೂತು, ಅರಿಶಿನ ಬಳಿದು, ಕುಂಕುಮ ಇಟ್ಟು, ನಾಲ್ಕು ಕಣಗಿಲೆ ಹೂ ಸಿಕ್ಕಿಸಿದೆ. ಎರಡು ಹೆಜ್ಜೆ ಹಿಂದೆ ಬಂದು ನೋಡಿದರೆ ನನಗೇ ಕೈ ಮುಗಿಯುವ ಹಾಗಾಯಿತು.

ಮಾರನೆಯ ದಿನ ನರಸೀಪುರದಿಂದ ಮರ ಕುಯ್ಯುವವರು ಹಗ್ಗ, ಗರಗಸ, ಕೊಡಲಿ ಹೊತ್ತು ಬಂದರು. ಮೇಸ್ತ್ರಿ ಬೀಡಿ ಸೇದುತ್ತ ಮರವನ್ನು ಒಂದು ಸುತ್ತು ಬಂದವನು ಅರ್ಧ ಸುತ್ತಿಗೇ ನಿಂತ. ಬೀಡಿ ಆರಿಸಿದ. ಚಪ್ಪಲಿ ಬಿಟ್ಟ.

“ಇದೇನ್ರವ್ವಾ ಇದು? ತಾಯಿ ಅವ್ಳೆ ಅಂತ ಏಳ್ಬಾರ್ದಾ?”

ಚಿಕ್ಕವ್ವ ಓಡಿಬಂದು ನೋಡಿ, “ಅಯ್ಯೋ, ನೆನ್ನೆ ಇರ್ನಿಲ್ಲ ಕಣಪ್ಪ!” ಎಂದಳು.

“ನೆನ್ನೆ ಇರ್ನಿಲ್ಲ, ಇವತ್ತು ಬಂದವ್ಳೆ ಅಂದ್ರೆ ಇನ್ನೂ ಜೋರಾಯ್ತಲ್ಲ! ನಾವು ಬತ್ತೀವಿ ಅಂತ ತಿಳ್ದೇ ಬಂದವ್ಳೆ.” ಅವನು ಗಲ್ಲ ಬಡಿದುಕೊಂಡ. “ನಾವ್ ಮರ ಕುಯ್ಯೋರು ಕಣವ್ವ, ನಂಗೂ ಎಂಡ್ರು ಮಕ್ಳವ್ರೆ.”

ಅವರು ಹೋದರು. ಹೋಗುವಾಗ ಹಗ್ಗವನ್ನು ಮರಕ್ಕೆ ತಾಗಿಸದ ಹಾಗೆ ಎತ್ತಿ ಹಿಡಿದು ಹೋದರು. ನಾನು ನಮ್ಮ ಜಗಲಿಯ ಕಂಬದ ಹಿಂದೆ ನಿಂತು ಬಾಯಿಗೆ ಟವೆಲ್ ತುರುಕಿಕೊಂಡು ನಕ್ಕೆ. ಅದು ನಾನು ಆ ವಿಷಯಕ್ಕೆ ನಕ್ಕ ಕೊನೆಯ ನಗು.

ಮಧ್ಯಾಹ್ನಕ್ಕೆಲ್ಲ ಮಾರಿಗುಡಿಯ ಗುಡ್ಡಪ್ಪ ಬಂದ. ದೇವಿ ಮೈಮೇಲೆ ಬರುವುದು ಅವನಿಗೇ. ಊರಿನ ಮೈಲಿಗೆ, ಮಡಿ, ಹರಕೆ ಎಲ್ಲಕ್ಕೂ ಅವನ ಮಾತೇ ಕೊನೆ. ಕಲ್ಲಿನ ಮುಂದೆ ಕರ್ಪೂರ ಹಚ್ಚಿ, ಬಹಳ ಹೊತ್ತು ಕಣ್ಣು ಮುಚ್ಚಿ ಕೂತ. ಹೆಂಗಸರು ತಂಬಿಟ್ಟು ತಂದರು. ಸಂಜೆಗೆ ಪಕ್ಕದೂರು ಹೆಡತಲೆ ಕಡೆಯಿಂದಲೂ ಜನ ಬಂದರು. ಸೈಕಲ್ಲಿನಲ್ಲಿ ಕಡ್ಲೆಪುರಿ ಮಾರುವವನೂ ಬಂದ. ಅವನು ಬಂದ ಎಂದರೆ ಆ ದೇವರು ನಿಂತಿತು ಎಂದೇ ಅರ್ಥ. ಆಗ ಗುಡ್ಡಪ್ಪ ಎದ್ದು, ಚಿಕ್ಕವ್ವನ ಕಡೆಗೆ ತಿರುಗಿ ಮೆಲ್ಲಗೆ ಕೇಳಿದ:

“ಮಗಳ ಬಾಣಂತನ ಎಲ್ಲವ್ವಾ?”

“ಇಲ್ಲೇ ಕಣಣ್ಣ. ಮೊದಲ್ನೇದು. ತವ್ರಲ್ದೆ ಇನ್ನೆಲ್ಲಿ?”

ಗುಡ್ಡಪ್ಪ ಮರ ನೋಡಿದ, ಕೋಣೆಯ ಗೋಡೆ ನೋಡಿದ. ನಡುವೆ ಒಂದು ಎಮ್ಮೆ ಮಲಗುವಷ್ಟು ಜಾಗ. “ತಾಯಿ ಮಗ್ಗುಲಲ್ಲೇ ಸೂತಕದ ನೀರು ಅರಿಯಂಗಿಲ್ಲ ಕಣವ್ವ. ಮಗಾನ ಈ ಮನೇಲಿ ಮನಗಿಸ್ಬ್ಯಾಡ. ಆಮೇಲ್ ಏನಾರಾ ಎಚ್ಚು ಕಮ್ಮಿ ಆದ್ರೆ?”

ಆ ಕೊನೆಯ ಮಾತು ಕೇಳಿದ ಮೇಲೆ ಯಾವ ತಾಯಿ ವಾದ ಮಾಡುತ್ತಾಳೆ? ಅಷ್ಟು ಜನರ ನಡುವೆ ಚಿಕ್ಕವ್ವ ಅಳಲಿಲ್ಲ. ಒಳಗೆ ಹೋಗಿ ತೊಟ್ಟಿಲ ಹಗ್ಗ ಬಿಚ್ಚಿದಳು. ಕಿಟಕಿಯಿಂದ ಕಂಡಿತು. ಅವಳ ಮಗಳ ಬಾಣಂತನಕ್ಕೂ ನನ್ನ ಗುಂಡುಕಲ್ಲಿಗೂ ಸಂಬಂಧವಿದೆ ಎಂದು ನನಗೆ ಹೊಳೆದದ್ದು ಆಗಲೇ.

ಅವ್ವನೂ ಅಲ್ಲಿ ಕಾಯಿ ಒಡೆದು ಬಂದಿದ್ದಳು. ಮನೆಗೆ ಬಂದವಳು ಹಿತ್ತಲಿಗೆ ಹೋದಳು. ಹೋದಷ್ಟೇ ಬೇಗ ವಾಪಸ್ ಬಂದಳು.

“ಒಳ್ಳು ಗುಂಡೆಲ್ಲ?”

ನಾನು ಫ್ಯಾನು ನೋಡಿದೆ. ನಮ್ಮ ಮನೆಯಲ್ಲಿ ಆಗಿನ್ನೂ ಫ್ಯಾನಿರಲಿಲ್ಲ; ಅದರ ಕೊಕ್ಕೆ ನೋಡಿದೆ.

“ಮಾರಮ್ಮನ ಎಡಗೆನ್ನೆ ಮುಕ್ಕಾಗ್ಯದೆ. ನಿಮ್ಮಜ್ಜಿ ಕೈಲಿ ಬಿದ್ದು ಮುಕ್ಕಾದ ಗುಂಡು ಅದು. ನಾನು ಮದ್ವೆಯಾಗಿ ಬಂದ್ ದಿನದಿಂದ ಚಟ್ನಿ ಅರ್ದಿವ್ನಿ ಅದ್ರಲ್ಲಿ. ಇವತ್ತು ಅದ್ಕೆ ಕಾಯಿ ಒಡ್ದು, ‘ನನ್ ಮಗಂಗೆ ಬುದ್ಧಿ ಕೊಡವ್ವ’ ಅಂತ ಕೇಳ್ಕಂಡು ಬಂದೆನಲ್ಲ, ನನ್ ಕರ್ಮವೇ!”

ಬೈಗುಳವನ್ನು ಇಲ್ಲಿ ಬರೆಯುವುದಿಲ್ಲ. ಕಾಗದ ಸಾಲದು. ಕೊನೆಗೆ ಅವ್ವ ಹೇಳಿದ್ದು ಇಷ್ಟು: ಹೋಗಿ ಎಲ್ಲರ ಮುಂದೆ ನಿಜ ಹೇಳು.

ಹೇಳಿದೆ! ಬೆಳಿಗ್ಗೆ ಪೂಜೆಗೆ ಜನ ಸೇರಿದ್ದಾಗ, ಗುಡ್ಡಪ್ಪನ ಎದುರಿಗೆ, ಚಿಕ್ಕವ್ವನೂ ಕೇಳುವ ಹಾಗೆ ಹೇಳಿದೆ. “ಈ ಕಲ್ಲು ಮಡಗಿದ್ದು ನಾನೇ. ಇದು ನಮ್ಮನೆ ಒಳ್ಳುಗುಂಡು.” ಅವ್ವ ಪಕ್ಕದಲ್ಲಿ ನಿಂತು ಹೌದು ಎಂದು ತಲೆಯಾಡಿಸಿದಳು. ಕಲ್ಲೇಟು ಬೀಳಬಹುದು ಎಂದು ನಾನು ಓಡಲು ಒಂದು ಕಾಲು ಹಿಂದಿಟ್ಟುಕೊಂಡೇ ನಿಂತಿದ್ದೆ.

ಗುಡ್ಡಪ್ಪ ನನ್ನನ್ನೇ ನೋಡಿದ. ಅವನ ಕಣ್ಣಲ್ಲಿ ನೀರು ಬಂತು.

“ಅಪ್ಪಾ ಮಗ, ನೀನ್ಯಾವನ್ಲಾ ಮಡಗಾಕೆ? ನಿನ್ ಕೈಲಿ ಅವ್ಳೇ ಮಡಗ್ಸವ್ಳೆ. ಇಲ್ದಿದ್ರೆ ಒಂದ್ ಬಿಂದಿಗೆ ನೀರೆತ್ತಾಕೂ ಸೋಮಾರಿ ನೀನು, ಅಷ್ಟು ತೂಕದ್ ಗುಂಡ ಎಂಗ್ಲಾ ಒತ್ತೆ?”

ಜನರೆಲ್ಲ ಉಘೇ ಉಘೇ ಎಂದರು. ನನ್ನ ಸೋಮಾರಿತನ ಊರಿಗೆಲ್ಲ ಅಷ್ಟು ಗೊತ್ತಿದ್ದದ್ದೇ ನನಗೆ ಮುಳುವಾಯಿತು. ಅಜ್ಜಿಯೊಬ್ಬಳು ಬಂದು ನನ್ನ ಕಾಲು ಮುಟ್ಟಲು ಬಗ್ಗಿದಳು. ನಾನು ಚಂಗನೆ ಹಾರಿ ಚರಂಡಿಗೆ ಬಿದ್ದೆ. ಚಿಕ್ಕವ್ವ ಒಬ್ಬಳೇ ಉಘೇ ಅನ್ನಲಿಲ್ಲ. ನನ್ನ ಮುಖವನ್ನೇ ನೋಡುತ್ತಿದ್ದಳು.

ಮಾತಿನಿಂದ ಆಗದ್ದನ್ನು ಕೈಯಿಂದ ಮಾಡೋಣ ಎಂದುಕೊಂಡೆ. ಮಧ್ಯಾಹ್ನ ಯಾರೂ ಇಲ್ಲದಾಗ ಗುಂಡನ್ನು ಕಿತ್ತು ತಂದು ಒರಳಿನಲ್ಲೇ ಕೂರಿಸಿಬಿಟ್ಟೆ. ಕಲ್ಲಿಲ್ಲ ಎಂದರೆ ದೇವರಿಲ್ಲ, ದೇವರಿಲ್ಲ ಎಂದರೆ ಮೈಲಿಗೆಯಿಲ್ಲ, ವಾಯಿದೆ ಇನ್ನೂ ಇದೆ, ನರಸೀಪುರಕ್ಕೆ ಹೋಗಿ ಮೇಸ್ತ್ರಿಯನ್ನು ಕರೆದರಾಯಿತು. ಲೆಕ್ಕ ಪಕ್ಕಾ ಇತ್ತು.

ಸಂಜೆ ನಮ್ಮ ಮನೆ ಮುಂದೆ ತಮಟೆ ಸದ್ದು. ಊರಿಗೆ ಊರೇ ನಿಂತಿದೆ. ಗುಡ್ಡಪ್ಪ ಹಿತ್ತಲಿಗೆ ಹೋಗಿ ನೋಡಿ, ಮುಖ ಅರಳಿಸಿಕೊಂಡು ಹೊರಗೆ ಬಂದ. “ನಾನೇಳ್ನಿಲ್ವಾ? ಈ ಮನೆಯಿಂದ ಓದವ್ಳು, ತವ್ರು ನೋಡಾಕೆ ಬಂದವ್ಳೆ!”

ದೇವಿ ತವರಿಗೆ ಬಂದ ಮೇಲೆ ಬರಿಗೈಯಲ್ಲಿ ಕಳಿಸುವ ಹಾಗಿಲ್ಲ. ಮಡಿಲು ತುಂಬಬೇಕು. ಅವ್ವ ಹಲ್ಲು ಕಚ್ಚಿಕೊಂಡು ಅಕ್ಕಿ, ಬೆಲ್ಲ, ಕಾಯಿ, ರವಿಕೆ ಕಣ ತಂದಳು. “ಬಳೆ?” ಎಂದ ಗುಡ್ಡಪ್ಪ. ನಮ್ಮ ಮನೆಯಲ್ಲಿ ಹೊಸ ಬಳೆ ಇರಲಿಲ್ಲ. ಆಗ ಗುಂಪಿನ ಹಿಂದಿನಿಂದ ಚಿಕ್ಕವ್ವ ಬಂದು ಒಂದು ಕಾಗದದ ಪೊಟ್ಟಣ ಕೊಟ್ಟಳು. ಹಸಿರು ಗಾಜಿನ ಬಳೆ. ನಂಜನಗೂಡಿನ ರಥಬೀದಿಯಲ್ಲಿ ಅಂಗಡಿ ಅಂಗಡಿ ತಿರುಗಿ ಆರಿಸುತ್ತಿದ್ದಾಗ ಚೀಲ ಹಿಡಿದು ಹಿಂದೆ ತಿರುಗಿದವನು ನಾನೇ. ಮಗಳು ತವರಿಗೆ ಬಂದ ದಿನ ತೊಡಿಸಲು ತಂದದ್ದು.

“ತಾಯಾರಾ ತೊಟ್ಕಳ್ಲಿ ಬುಡಿ,” ಎಂದಳು.

ಒಂದು ಚಟ್ನಿ ಅರೆಯುವ ಗುಂಡು ಮಡಿಲಕ್ಕಿ ಕಟ್ಟಿಸಿಕೊಂಡು, ತಮಟೆ ಬಡಿಸಿಕೊಂಡು, ತವರಿಗೆ ಬಂದು ಹೊರಟಿತು. ಹೊಟ್ಟೆ ಹೊತ್ತ ಹೆಣ್ಣುಮಗಳು ನರಸೀಪುರದ ಆಚೆ ಬಸ್ಸು ಹತ್ತುವ ಹಾಗಿಲ್ಲದೆ ಕೂತಿದ್ದಳು. ಇದನ್ನು ಯಾರಾದರೂ ಕಥೆಯಾಗಿ ಹೇಳಿದ್ದರೆ ನಾನು ಬಿದ್ದು ಬಿದ್ದು ನಗುತ್ತಿದ್ದೆ. ಅವತ್ತು ನನಗೆ ಅನ್ನ ಇಳಿಯಲಿಲ್ಲ. ಊಟಕ್ಕೆ ಮುಂಚೆ ಎರಡು ತಂಬಿಟ್ಟು ತಿಂದಿದ್ದೆ ಎಂಬುದು ಬೇರೆ ಮಾತು.

ದಾರಿ ಹುಡುಕಿದವಳು ಅವ್ವ. ಗುಡ್ಡಪ್ಪ ಕಲ್ಲು ಹೊತ್ತು ಅಂಗಳ ದಾಟುವುದರೊಳಗೆ ತಡೆದು ಕೇಳಿದಳು: “ಅಣ್ಣಾ, ಈ ಮೈಲಿಗೆ ಎಲ್ಲೀಗಂಟ? ಚರಂಡಿಯಿಂದ ಈಚ್ಗೂ ಬತ್ತದಾ?”

ಗುಡ್ಡಪ್ಪ ನಿಂತ. ಇಂಥ ಪ್ರಶ್ನೆಯನ್ನು ಅವನಿಗೆ ಯಾರೂ ಕೇಳಿರಲಿಲ್ಲ. ಚರಂಡಿಯ ಆ ಕಡೆ ನೋಡಿದ, ಈ ಕಡೆ ನೋಡಿದ. ಒಳಗೆ ನೀರು ಯಾವ ಕಡೆ ಹರಿಯುತ್ತಿದೆ ಎಂದೂ ಬಗ್ಗಿ ನೋಡಿದ. ನೀರು ಹರಿಯುತ್ತಲೇ ಇರಲಿಲ್ಲ. ಅದು ಕಟ್ಟಿದಾಗಿನಿಂದಲೂ ಹರಿದಿಲ್ಲ.

“ಅರಿಯೋ ನೀರು ದಾಟಿದ್ರೆ ದೋಷಿಲ್ಲ,” ಎಂದ ಧೈರ್ಯವಾಗಿ.

“ಅಂಗಾದ್ರೆ ಬಾಣಂತನ ನಮ್ಮನೇಲಿ,” ಎಂದಳು ಅವ್ವ. ಆಮೇಲೆ ನನ್ನ ಕಡೆ ತಿರುಗಿ, “ನಿನ್ ರೂಮಲ್ಲಿ,” ಎಂದಳು.

ಹಾಗೆ ಅಕ್ಕ ಬಂದಳು. ಚಿಕ್ಕವ್ವನ ಮಗಳನ್ನು ನಾನು ಅಕ್ಕ ಎಂದೇ ಕರೆಯುವುದು. ಮಗು ಹುಟ್ಟಿದ್ದು ನಂಜನಗೂಡಿನ ಆಸ್ಪತ್ರೆಯಲ್ಲಿ, ಗಂಡು. ಅಲ್ಲಿಂದ ಸೀದಾ ನಮ್ಮ ಮನೆಗೆ. ನಾನು ಜಗಲಿಗೆ ಬಡ್ತಿ ಪಡೆದೆ. ರೂಮಿನ ತುಂಬ ಬಜೆ, ಬೆಳ್ಳುಳ್ಳಿ, ಸಾಂಬ್ರಾಣಿ ವಾಸನೆ. ನನ್ನ ಕ್ರಿಕೆಟ್ ಆಟಗಾರರ ಪಟಗಳ ಮೇಲೆಲ್ಲ ಒದ್ದೆ ಬಟ್ಟೆ ನೇತುಹಾಕಿದರು. ಅಕ್ಕ ಮಲಗಿದಲ್ಲಿಂದಲೇ ಕೂಗುತ್ತಿದ್ದಳು, “ಲೋ ಮಾರಮ್ಮನ್ ತಮ್ಮ, ವಸಿ ಕೆಂಡ ತಗಂಬಾರ್ಲಾ!” ನಾನು ತರುತ್ತಿದ್ದೆ. ನೀರು, ಸೌದೆ, ಕೆಂಡ, ಏನು ಕೇಳಿದರೂ ತರುತ್ತಿದ್ದೆ. ಊರಿನವರಿಗೆ ಅದೂ ಪವಾಡವಾಗಿ ಕಂಡಿತು.

ಆದರೆ ಚಿಕ್ಕವ್ವ? ಉಜ್ಜಿಟ್ಟ ಅವಳ ಹಂಡೆ ಅವಳ ಬಚ್ಚಲಲ್ಲೇ ಉಳಿಯಿತು. ಬೆಳಿಗ್ಗೆ ಹಸು ಕರೆದು, ಹಾಲು ಹಾಕಿ, ಬೀದಿ ದಾಟಿ ಬಂದು ಬೇರೆಯವರ ಬಚ್ಚಲಲ್ಲಿ ಮಗಳಿಗೆ ನೀರು ಹಾಕುತ್ತಿದ್ದಳು. ಒಂದು ಚಮಚ ತುಪ್ಪ ಬೇಕಾದರೂ, “ಅಕ್ಕಾ, ವಸಿ ತಗಳ್ಲಾ?” ಎಂದು ಅವ್ವನನ್ನು ಕೇಳುತ್ತಿದ್ದಳು. ಅವ್ವ, “ಅದೇನ್ ಕೇಳ್ತೀಯೆ!” ಎಂದು ಗದರಿದರೂ ಕೇಳುತ್ತಲೇ ಇದ್ದಳು. ಸಂಜೆ ಮಗು ನಿದ್ದೆ ಹೋದ ಮೇಲೆ ಬಾಗಿಲಲ್ಲಿ ಸ್ವಲ್ಪ ಹೊತ್ತು ನಿಂತು, ನೆಂಟರ ಹಾಗೆ “ಬತ್ತೀನಿ” ಎಂದು ಹೇಳಿ ತನ್ನ ಮನೆಗೆ ಹೋಗುತ್ತಿದ್ದಳು. ಆ ಒಂದು ಮಾತು ಕೇಳಬಾರದೆಂದು ನಾನು ಆ ಹೊತ್ತಿಗೆ ಬೇಕೆಂದೇ ಕಟ್ಟೆಗೆ ಹೋಗಿ ಕೂರುತ್ತಿದ್ದೆ.

ಮರ ಕಡಿಯುವ ವಾಯಿದೆ ಹಾಗೇ ಮುಗಿಯಿತು. ಮಳೆಗಾಲದ ಮೊದಲ ಗಾಳಿ ಬಂದದ್ದು ಒಂದು ಮಧ್ಯಾಹ್ನ. ಚಿಕ್ಕವ್ವ ನಮ್ಮ ಬಚ್ಚಲಲ್ಲಿ ಕಾಲು ನೀಡಿ ಕೂತು, ಕಾಲ ಮೇಲೆ ಮಗುವನ್ನು ಮಲಗಿಸಿಕೊಂಡು ನೀರು ಹುಯ್ಯುತ್ತಿದ್ದಳು. ಮೊದಲು ಒಂದು ಲಟಕ್ ಎಂಬ ಸದ್ದು, ಆಮೇಲೆ ಭೂಮಿ ಬಿರಿದ ಹಾಗೆ ಇನ್ನೊಂದು. ಈ ಸದ್ದನ್ನು ನಾನು ಉಬ್ಬಿಸುತ್ತಿಲ್ಲ. ಹೊರಗೆ ಓಡಿ ನೋಡಿದರೆ ಆ ದಪ್ಪ ಕೊಂಬೆ ಹೆಂಚು, ತೀರು, ರಿಪೀಸು ಎಲ್ಲ ಮುರಿದುಕೊಂಡು ಒಳಕೋಣೆಯೊಳಗೆ ನಿಂತಿತ್ತು. ಸುಣ್ಣ ಹೊಡೆದ ಗೋಡೆಗೆ ಒರಗಿಸಿಟ್ಟಿದ್ದ ತೊಟ್ಟಿಲು ಅದರ ಕೆಳಗಿತ್ತು. ತೊಟ್ಟಿಲು ಅನ್ನುವ ಹಾಗೇನೂ ಉಳಿದಿರಲಿಲ್ಲ.

ಸದ್ದಿಗೆ ಊರೆಲ್ಲ ಓಡಿಬಂತು. ಆಮೇಲೆ ಗುಡ್ಡಪ್ಪ ಎರಡೂ ಕೈ ಎತ್ತಿ ಕೂಗಿದ:

“ನೋಡ್ದ್ರಾ? ಕಾಪಾಡವ್ಳೆ! ಬಾಣಂತೀನ ಆ ಮನೆಗೆ ಬರದಂಗೆ ಮಾಡಿ ತಾಯಿ ಮಗು ಇಬ್ರನ್ನೂ ಕಾಪಾಡವ್ಳೆ!”

ಜನ ಕಲ್ಲಿಗೆ ಅಡ್ಡಬಿದ್ದರು. ಎದ್ದು ನನ್ನ ಕಡೆ ತಿರುಗಿದರು. ಯಾರೋ ನನ್ನ ಕೊರಳಿಗೆ ಕಲ್ಲಿನ ಮೇಲಿದ್ದ ಹಾರವನ್ನೇ ಹಾಕಿದರು. ನನ್ನನ್ನು ಪರಿಸರ ಎಂದವರು ಅವತ್ತಿನಿಂದ ಹಾಗೆನ್ನುವುದನ್ನು ಬಿಟ್ಟರು. ನನಗೆ ಕೂಗಿ ಹೇಳಬೇಕೆನಿಸಿತು: ಅಯ್ಯೋ, ಮರ ಕಡಿದಿದ್ದರೆ ಕೊಂಬೆ ಎಲ್ಲಿಂದ ಬೀಳುತ್ತಿತ್ತು? ಕೊಂಬೆ ಅಲ್ಲಿದ್ದದ್ದೇ ನನ್ನಿಂದ. ಆದರೆ ನಾನು ಒಮ್ಮೆ ನಿಜ ಹೇಳಿ ನೋಡಿದ್ದೆ. ಅದರಿಂದ ನನಗೆ ಇನ್ನಷ್ಟು ಮರ್ಯಾದೆಯೇ ಬಂದಿತ್ತು. ಹಾರ ಹಾಕಿಕೊಂಡು ಸುಮ್ಮನೆ ನಿಂತೆ.

ಆ ವಾರ ನಾನೇ ನಂಜನಗೂಡಿಗೆ ಹೋಗಿ ಸಾಹೇಬರನ್ನು ಕಂಡು, ನಡೆದದ್ದೆಲ್ಲ ಹೇಳಿದೆ. ಅವರು ನಗಲೂ ಇಲ್ಲ, ಬೈಯಲೂ ಇಲ್ಲ. “ಅಪ್ಪಣೆ ಇನ್ನೊಂದ್ಸಲ ಕೊಡಬಹುದು ಕಣಯ್ಯಾ. ನಿಮ್ಮೂರಲ್ಲಿ ಕಡಿಯೋರ್ ಯಾರು?” ಎಂದರು. ಕೊನೆಗೆ ಗುಡ್ಡಪ್ಪನನ್ನೂ ಕೂರಿಸಿ ಮಾತಾಡಿದಾಗ, ದೇವಿ ಕೂತಿರುವುದು ಬುಡದಲ್ಲಿ, ಕೊಂಬೆಗಳಲ್ಲಿ ಅಲ್ಲ ಎಂದು ತೀರ್ಮಾನವಾಯಿತು. ಹೊಸ ಅಪ್ಪಣೆಯ ಮೇಲೆ ಮನೆ ಕಡೆಯ ಕೊಂಬೆಗಳನ್ನೆಲ್ಲ ಇಳಿಸಿದರು. ಅರ್ಧ ಕ್ಷೌರ ಮಾಡಿಸಿಕೊಂಡವರ ಹಾಗೆ ಮರ ಈಗಲೂ ನಿಂತಿದೆ. ಷರತ್ತಿನ ಎರಡು ಹೊಂಗೆ ಸಸಿ ನೆಟ್ಟವನು ನಾನು. ನೀರು ಹಾಕುವವನೂ ನಾನೇ.

ಸೂರು ರಿಪೇರಿಗೆ ನಾನು ಹೆಂಚು ಹೊರಲು ನಿಂತೆ. ಚಿಕ್ಕವ್ವ ಕೆಳಗಿನಿಂದ ಒಂದೊಂದೇ ಹೆಂಚು ಕೊಡುತ್ತಿದ್ದಳು, ನಾನು ಏಣಿಯ ಮೇಲಿಂದ ಹೆಂಚು ಹೊದಿಸುವ ಮೇಸ್ತ್ರಿಗೆ ದಾಟಿಸುತ್ತಿದ್ದೆ. ಅಕ್ಕನನ್ನೂ ಮಗುವನ್ನೂ ಅವಳ ಗಂಡ ಬಂದು ಕರೆದುಕೊಂಡು ಹೋಗಿ ಆಗಲೇ ಎಷ್ಟೋ ದಿನವಾಗಿತ್ತು. ಮೇಸ್ತ್ರಿ ಬೀಡಿಗೆ ಎಂದು ಇಳಿದಾಗ ನಾವಿಬ್ಬರೇ ಉಳಿದೆವು.

“ಚಿಕ್ಕವ್ವ,” ಎಂದೆ, ಅವಳ ಮುಖ ನೋಡದೆ. “ಅವತ್ತು ಮರ ಕಡ್ಸಿದ್ರೆ ಕೊಂಬೆ ಬೀಳ್ತಾನೇ ಇರ್ನಿಲ್ಲ. ಅಕ್ಕ ನಿನ್ನ ಮನೇಲೇ ಇರೋಳು.”

“ಗೊತ್ತು ಕಣ್ಲಾ,” ಎಂದಳು.

ನಾನು ಏಣಿ ಗಟ್ಟಿಯಾಗಿ ಹಿಡಿದುಕೊಂಡೆ.

“ನೀನು ಒಳ್ಳುಗುಂಡು ಅಂದ್ ದಿನ್ವೇ ಗೊತ್ತಾಯ್ತು. ನೀನೇ ಮಾಡ್ದೆ ಅಂತ ಅನ್ಕಂಡ್ರೆ ದಿನಾ ಬೆಳಿಗ್ಗೆದ್ದು ನಿನ್ ಮಕ ನೋಡಾಕ್ ಆದದಾ ನಂಗೆ? ಎದುರ್ಮನೆಯವ್ನು ನೀನು, ನಾನೇ ಎತ್ತಾಡ್ಸಿದ್ ಮಗ. ತಾಯಿ ಮಾಡ್ಸವ್ಳೆ ಅಂತ ಅನ್ಕಂಡ್ರೆ ನೋಡ್ಬೋದು.” ಹೆಂಚಿನ ಮೇಲಿನ ಮಣ್ಣನ್ನು ಸೆರಗಿನಿಂದ ಒರೆಸಿದಳು. “ಅದ್ಕೇ ಅಂಗನ್ಕಂಡಿವ್ನಿ. ನೀನೂ ಅಂಗೇ ಅನ್ಕೊ.”

ನನಗೆ ಹಾಗೆ ಅಂದುಕೊಳ್ಳಲು ಬರುವುದಿಲ್ಲ. ಎಂಥೆಂಥ ಸುಳ್ಳನ್ನೋ ಕಣ್ಣು ಮಿಟುಕಿಸದೆ ಹೇಳಿ ನಂಬಿಸಿದವನು ನಾನು. ಅದೊಂದನ್ನು ಮಾತ್ರ ನನಗೇ ನಂಬಿಸಲು ಆಗಿಲ್ಲ. ಅವತ್ತು ಏಣಿಯ ಮೇಲೆ ಕೋತಿಯ ಹಾಗೆ ಕೂತಿದ್ದೆ.

“ಇಡ್ಕಳ್ಲಾ, ಕೈ ನೋಯ್ತದೆ,” ಎಂದು ಚಿಕ್ಕವ್ವ ಮುಂದಿನ ಹೆಂಚು ಎತ್ತಿ ಕೊಟ್ಟಳು. ಹಿಡಿದುಕೊಂಡೆ.